ಬಾಗೂರು ಕೆರೆಗೆ ಬಂದ ಎಂಜಿನ್ ದೋಣಿ

೧೯೪೬ನೆಯ ಇಸವಿಯ ಬೇಸಿಗೆಯಲ್ಲಿ ನಾನು ಹಾಸನದ ಒಬ್ಬ ಬಸ್ ಮಾಲೀಕರ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಯುದ್ಧ ಮುಗಿದಿತ್ತು, ಪೆಟ್ರೋಲಿನ ರೇಷನ್ ಮುಗಿದಿರಲಿಲ್ಲ. ನಮ್ಮ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಎತ್ತರದ ಒಂದು ಉಕ್ಕಿನ ಒಲೆ ಕಟ್ಟಿರುತ್ತಿತ್ತು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಮಾಡಿ, ಕೈಯಿಂದ ಫ್ಯಾನ್ ತಿರುಗಿಸಿದರೆ ಹುಟ್ಟುವ ಅನಿಲವೇ ಪೆಟ್ರೋಲಿನ ಬದಲು ಎಂಜಿನ್ನಿಗೆ ಹೋಗುತ್ತಿತ್ತು. ಹೊರಡುವಾಗ ಮಾತ್ರ ಒಂದಿಷ್ಟು ಪೆಟ್ರೋಲು ಬೇಕು. ಅದನ್ನು ಮಾಲೀಕರೇ ಬೀಗ ಹಾಕಿದ ಕೋಣೆಯಿಂದ ಅಳೆದು ಕೊಡುತ್ತಿದ್ದರು. ಆ ಅಳತೆಯಲ್ಲಿ ಸ್ವಲ್ಪ ಕಡಮೆಯಾದರೂ ಬೆಳಗಿನ ಬಸ್ಸು ಶೆಡ್ಡಿನಲ್ಲೇ ನಿಲ್ಲುತ್ತಿತ್ತು. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಡೆದುದನ್ನು ಕೇಳಿದ ಹಲವರು ನನ್ನನ್ನು, ನಿನ್ನ ಶೆಡ್ಡಿನಲ್ಲಿ ಪೆಟ್ರೋಲು ಇರಲಿಲ್ಲವೇ ಎಂದು ಕೇಳಿದ್ದಾರೆ.

ನನ್ನ ಊರು ಚನ್ನರಾಯಪಟ್ಟಣ. ನಮ್ಮದು ಕೊಬ್ಬರಿ ವ್ಯಾಪಾರದ ಲಿಂಗವಂತರ ಮನೆ. ನಾನು ಅಂಗಡಿ ಬಿಟ್ಟು ಸ್ಪ್ಯಾನರ್ ಹಿಡಿದದ್ದೇ ತಂದೆಗೆ ಸರಿಬಂದಿರಲಿಲ್ಲ. ಮೀನು ಹಿಡಿಯುವ ದೋಣಿಗೆ ಕೈ ಹಾಕಿದೆನೆಂದು ತಿಳಿದಾಗ ತಾಯಿ ಬೈಯಲಿಲ್ಲ. ಹಿತ್ತಲಲ್ಲಿ ಬಿಸಿನೀರು ಇಟ್ಟಿರುತ್ತೇನೆ, ಸ್ನಾನ ಮಾಡಿ ಅಲ್ಲಿಂದಲೇ ಒಳಗೆ ಬಾ ಎಂದಷ್ಟೇ ಹೇಳಿದರು.

ಜವರಯ್ಯ ನನ್ನ ವರ್ಕ್‌ಶಾಪಿಗೆ ಬಂದದ್ದು ಯುಗಾದಿ ಕಳೆದ ಮೇಲೆ. ವಯಸ್ಸಿನಲ್ಲಿ ನನ್ನ ಓರಗೆಯವನು. ಖಾಕಿ ಅಂಗಿ, ಅದರ ಎಡಗಡೆಯ ಖಾಲಿ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿ ಪಿನ್ನು ಹಾಕಿತ್ತು. ಬಾಗೂರಿನ ಬೆಸ್ತರವನು. ಸೈನ್ಯಕ್ಕೆ ಸೇರಿ ಬರ್ಮಾದ ಹೊಳೆಗಳಲ್ಲಿ ಸಿಪಾಯಿಗಳನ್ನು ದಾಟಿಸುವ ಎಂಜಿನ್ ದೋಣಿಗಳನ್ನು ನಡೆಸಿದ್ದ. ಅಲ್ಲಿಯೇ ತೋಳು ಹೋಯಿತು. ಅದು ಹೇಗೆ ಹೋಯಿತೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನ ತೊಂದರೆ ಇದು. ಬಾಗೂರು ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಬೆಸ್ತರ ಮನೆಗಳು ತಮ್ಮೊಳಗೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದವು. ಕೆರೆ ತುಂಬಿದಾಗಿನಿಂದ ಶಿವರಾತ್ರಿಯವರೆಗೆ, ಒಂದು ಹಂಗಾಮು ಪೂರ್ತಿ, ತನ್ನ ದೋಣಿಯಲ್ಲಿ ತಾನೇ ನೀರಿಗಿಳಿದು ದುಡಿದವನಿಗೆ ಕೆರೆಯಲ್ಲಿ ಪಾಲು ಕಾಯಂ. ಇಳಿಯಲಾಗದವನ ಪಾಲು ಅವನ ಅಣ್ಣತಮ್ಮಂದಿರಿಗೆ ಸೇರುತ್ತಿತ್ತು. ಜವರಯ್ಯ ಪರದೇಶದಲ್ಲಿದ್ದಾಗ ಪಾಲು ಅಣ್ಣ ಕಾಳಯ್ಯನಿಗೆ ಹೋಗಿತ್ತು. ಕಾಳಯ್ಯ ಕೆಟ್ಟವನಲ್ಲ. ದಿನವೂ ತಮ್ಮನ ಮನೆಬಾಗಿಲಿಗೆ ಮೀನು ತಂದಿಟ್ಟು ಹೋಗುತ್ತಿದ್ದ. ಜವರಯ್ಯನಿಗೆ ತಡೆಯಲಾಗದಿದ್ದುದು ಅದೇ. ಅವರ ಕಡೆ ಎಲ್ಲರೂ ಹರಿಗೋಲಿನಲ್ಲಿ ಹೋಗುವವರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಆ ದುಂಡು ದೋಣಿಯನ್ನು ಗಾಳಿಯಲ್ಲಿ ನೇರ ನಡೆಸಲು ಎರಡು ಕೈಗೂ ಬಲ ಬೇಕು. ಬೀಸುಬಲೆಯ ಮಾತಂತೂ ಬಿಡಿ.

"ಔಟ್‌ಬೋರ್ಡ್ ಎಂಜಿನ್ನಿಗೆ ಒಂದೇ ಕೈ ಸಾಕು ಸಾ," ಎಂದ. "ಮೊದ್ಲು ಅಗ್ಗ ಎಳೆಯಾದು, ಆಮ್ಯಾಕೆ ಅದೇ ಕೈಲಿ ಇಡಿ ಇಡಿಯಾದು. ಎರಡೂ ಒಟ್ಗೆ ಮಾಡಂಗಿಲ್ಲ. ಬಲೆ ಬಿಡಾಕೆ ನನ್ನ ಎಂಡ್ರು ಅವ್ಳೆ."

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಯ ಅಡ್ಡಹಲಗೆಗೆ ಹೊರಗಿನಿಂದ ಕಚ್ಚಿಸುವ ಎಂಜಿನ್. ಮೇಲೆ ಎಂಜಿನ್ನು, ನೀರಿನೊಳಗೆ ಪಂಖ, ನಡುವೆ ಉದ್ದನೆಯ ಕಾಲು. ಒಂದು ಹಿಡಿಯಿಂದಲೇ ವೇಗವನ್ನೂ ದಿಕ್ಕನ್ನೂ ನೋಡಿಕೊಳ್ಳಬಹುದು. ನಾನು ಅಲ್ಲಿಯವರೆಗೆ ಅಂಥದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಹಾಗೆಂದು ಹೇಳಿದೆ. ಅವನು, ಎಂಜಿನ್ನು ನಡೆಸಲು ತನಗೆ ಬರುತ್ತದೆ, ಹಳೆಯ ಎಂಜಿನ್ನಿನ ಒಳಗು ನೋಡಿ ಹೇಳುವವರು ಬೇಕು, ಸೈನ್ಯದಿಂದ ಬಂದ ಹಣ ಒಂದು ಸಲ ತಪ್ಪು ಸಾಮಾನಿಗೆ ಹೋದರೆ ಮತ್ತೆ ಬರುವುದಿಲ್ಲ ಎಂದ.

ಮೊದಲು ನೋಡಿದ್ದು ಬೆಂಗಳೂರಿನಲ್ಲಿ. ಯುದ್ಧದ ಸಾಮಾನುಗಳನ್ನು ವಿಲೇವಾರಿ ಮಾಡುತ್ತಿದ್ದ ಕಾಲ. ಒಬ್ಬ ವ್ಯಾಪಾರಿಯ ಬಯಲಿನಲ್ಲಿ ಪ್ಲೈವುಡ್ ದೋಣಿಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಪೇರಿಸಿದ್ದರು. ಪಕ್ಕದಲ್ಲಿ ಹಸಿರು ಬಣ್ಣದ ದೊಡ್ಡ ಎಂಜಿನ್‌ಗಳು. ಜವರಯ್ಯ ಅವುಗಳ ಹತ್ತಿರ ಹೋದವನೇ ನಿಂತುಬಿಟ್ಟ. ಅವನು ಬರ್ಮಾದಲ್ಲಿ ನಡೆಸಿದ್ದ ಮಾದರಿಯೇ ಅದು. ಮುಚ್ಚಳ ತೆಗೆಯದೆಯೇ ಯಾವ ಸ್ಕ್ರೂ ಎಲ್ಲಿದೆ ಎಂದು ಹೇಳುತ್ತಿದ್ದ.

ನಾನು ನನ್ನ ಕೆಲಸ ಮಾಡಿದೆ. ದೋಣಿಯ ಅಡ್ಡಹಲಗೆಗೆ ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ನಿನ ಭಾರ, ನಡುಕ, ನೂಕು ಎಲ್ಲವೂ ಬೀಳುವುದು ಅದರ ಮೇಲೆ. ಚಾಕುವಿನ ತುದಿ ಒತ್ತಿದರೆ ಒಂದೊಂದು ದೋಣಿಯಲ್ಲೂ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಳ್ಳುತ್ತಿದ್ದವು. ಎಂಜಿನ್‌ಗಳಿಗೆ ಹೊಸ ಬಣ್ಣ ಹೊಡೆದಿದ್ದರು, ಬಣ್ಣದ ಕೆಳಗೆ ಉಪ್ಪುನೀರು ತಿಂದ ಗುಳಿಗಳಿದ್ದವು. ಪಂಖದ ಮೇಲಿನ ಗೇರ್‌ಬಾಕ್ಸಿನ ಸ್ಕ್ರೂ ಬಿಚ್ಚಿದರೆ ಎಣ್ಣೆಯ ಬದಲು ಹಾಲಿನಂಥ ನೀರು ಸುರಿಯಿತು. ಅಂದರೆ ಸೀಲು ಹೋಗಿ ನೀರು ಒಳಗೆ ನುಗ್ಗಿದೆ. ಇದ್ದುದರಲ್ಲಿ ಒಂದನ್ನು ಡ್ರಮ್ಮಿನ ನೀರಿನಲ್ಲಿ ಇಳಿಬಿಟ್ಟು ಓಡಿಸಿದಾಗ ಎಂಜಿನ್ನನ್ನು ತಣ್ಣಗಿಡುವ ನೀರು ಮೇಲಕ್ಕೆ ಬರಲೇ ಇಲ್ಲ.

ಬೇಡವೆಂದೆ. ಅವನು ಎಂಜಿನ್ನಿನ ಮೇಲಿಟ್ಟ ಕೈ ತೆಗೆಯದೆ, "ನಂಗೆ ಗೊತ್ತಿರೋ ಎಂಜಿನ್ನು ಸಾ ಅದು," ಎಂದ. ಅವನ ಎಂಜಿನ್ನು ಅದಲ್ಲ, ಅದರ ಹೆಣ ಎನ್ನಬೇಕೆನಿಸಿತು. ಅನ್ನಲಿಲ್ಲ. ಬರಿಗೈಯಲ್ಲಿ ಅರಸೀಕೆರೆಯ ರೈಲು ಹತ್ತಿದೆವು.

ಎರಡನೆಯದು ಸಿಕ್ಕಿದ್ದು ನಮ್ಮ ಬಸ್ಸಿನ ಡ್ರೈವರ್ ತಂದ ಸುದ್ದಿಯಿಂದ. ಅರಕಲಗೂಡಿನ ಕಡೆ ಹೊಗೆಸೊಪ್ಪು ಕೊಳ್ಳಲು ಬಂದು ನೆಲೆಸಿದ್ದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಟಿದ್ದ. ಭಾನುವಾರಗಳಲ್ಲಿ ಗಾಳ ಹಾಕಲು ಕಾವೇರಿಗೆ ಹೋಗುತ್ತಿದ್ದ ಅವನ ಬಳಿ ಸಣ್ಣ ಮರದ ದೋಣಿ, ಸಣ್ಣ ಎಂಜಿನ್ ಇದ್ದವು. ನಾವು ಹೋದಾಗ ದೋಣಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮೂಲೆಯಲ್ಲಿತ್ತು. ಅಲ್ಲಿನ ಶಾಖಕ್ಕೆ ಹಲಗೆಗಳು ಸೆಟೆದು ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದವು. ಕೊಳ್ಳಲು ಹೋದವನು ಅದನ್ನು ನೋಡಿಯೇ ಹಿಂತಿರುಗಬೇಕು, ಹಾಗಿತ್ತು. ಆದರೆ ಚಾಕು ಎಲ್ಲಿ ಒತ್ತಿದರೂ ಮರ ಗಟ್ಟಿ. ಟ್ರಾನ್ಸಮ್ ಒಂದೇ ತುಂಡಿನ ತೇಗ. ಎಂಜಿನ್ನಿನ ಹಗ್ಗವನ್ನು ನಿಧಾನವಾಗಿ ಎಳೆದರೆ ಒಳಗಿನ ಒತ್ತಡ ಕೈಗೆ ಎದುರು ನಿಲ್ಲುತ್ತಿತ್ತು, ಪಿಸ್ಟನ್ನು ಸವೆದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಗೇರ್‌ಬಾಕ್ಸಿನಿಂದ ಕಪ್ಪು ಎಣ್ಣೆ ಬಂತು, ನೀರು ಬರಲಿಲ್ಲ.

ದೋಣಿಯನ್ನು ಅಂಗಳಕ್ಕೆ ತಂದು ಎಂಜಿನ್ ಕಚ್ಚಿಸಿ, ಅದರ ಕಾಲನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟು, ಶುರು ಮಾಡಲು ಜವರಯ್ಯನನ್ನೇ ಬಿಟ್ಟೆ. ಎಂಜಿನ್ನಿನ ತಲೆಯ ಚಕ್ರಕ್ಕೆ ಹಗ್ಗ ಸುತ್ತಿ, ಬಲಮೊಣಕಾಲನ್ನು ಟ್ರಾನ್ಸಮ್ಮಿಗೆ ಒತ್ತಿ, ಮೈಯನ್ನೇ ಹಿಂದಕ್ಕೆ ಎಸೆದು ಎಳೆದ. ಮೂರನೆಯ ಎಳೆತಕ್ಕೆ ಎಂಜಿನ್ನು ಹತ್ತಿತು. ಡ್ರಮ್ಮಿನ ನೀರು ಕುದಿಯುವಂತೆ ಉಕ್ಕಿ, ಪಕ್ಕದ ತೂತಿನಿಂದ ಎಂಜಿನ್ನನ್ನು ತಣ್ಣಗಿಡುವ ನೀರಿನ ಎಳೆ ಹೊರಬಂತು. ಅವನು ಹಿಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ದೊರೆ ಜಗಲಿಯಿಂದ ನೋಡುತ್ತಿದ್ದವನು ಎದ್ದು ಒಳಗೆ ಹೋಗಿ, ತನ್ನಲ್ಲಿ ಉಳಿದಿದ್ದ ಪೆಟ್ರೋಲಿನ ತಗಡಿನ ಡಬ್ಬಗಳನ್ನು ಆಳಿನ ಕೈಯಲ್ಲಿ ಹೊರಿಸಿಕೊಂಡು ಬಂದು ದೋಣಿಯೊಳಗೆ ಇಡಿಸಿದ. ದೋಣಿಗೆ, ಎಂಜಿನ್ನಿಗೆ ಹಣ ತೆಗೆದುಕೊಂಡವನು ಪೆಟ್ರೋಲಿಗೆ ಏನೂ ತೆಗೆದುಕೊಳ್ಳಲಿಲ್ಲ.

ದೋಣಿ ನಮ್ಮ ಬಸ್ಸಿನ ಟಾಪಿನ ಮೇಲೆ ಹೊಳೆನರಸೀಪುರದ ಮಾರ್ಗವಾಗಿ ಬಂತು. ಹಳೇಕೋಟೆಯಿಂದ ಹತ್ತಿದ ಒಬ್ಬ ಮುದುಕರು, ಈ ಸಲ ಮಳೆ ಅಷ್ಟೊಂದು ಜೋರಾ ಎಂದು ಕಂಡಕ್ಟರನ್ನು ಗಂಭೀರವಾಗಿಯೇ ವಿಚಾರಿಸಿದರು. ಚನ್ನರಾಯಪಟ್ಟಣದಿಂದ ಬಾಗೂರಿಗೆ ಎತ್ತಿನ ಗಾಡಿ. ಅಲ್ಲಿ ನಾವು ಮೊದಲು ಮಾಡಿದ ಕೆಲಸ ದೋಣಿಯನ್ನು ಮುಳುಗಿಸಿದ್ದು. ಒಣಗಿದ ಹಲಗೆಯ ಸಂದು ಮುಚ್ಚಲು ಅದೊಂದೇ ಉಪಾಯ. ಕಲ್ಲು ಹೇರಿ ದಡದ ನೀರಿನಲ್ಲಿ ಬಿಟ್ಟರೆ ಮರ ನೀರು ಕುಡಿದು ಉಬ್ಬಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಊರಿನವರಿಗೆ ಇದು ತಿಳಿಯದು. ಸೈನ್ಯದವನ ದೋಣಿ ಬಂದ ದಿನವೇ ಮುಳುಗಿತು ಎಂಬ ಸುದ್ದಿ ಸಂತೆಯ ತುಂಬ ಹರಡಿತು. ಜವರಯ್ಯನ ಹೆಂಡತಿ ಲಕ್ಕಮ್ಮ ಸಂತೆಯಲ್ಲಿ ಮೀನು ಮಾರುತ್ತಿದ್ದವಳು. ಕೇಳಿದವರಿಗೆಲ್ಲ, ಮುಳುಗಿ ಏಳೋದನ್ನ ನೋಡಾಕೆ ಬನ್ನಿ ಎನ್ನುತ್ತಿದ್ದಳಂತೆ. ಮುಂದಿನ ವಾರ ಕಲ್ಲು ಇಳಿಸಿ ನೀರು ಎತ್ತಿಹಾಕಿದಾಗ ದೋಣಿ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ.

ಆ ವರ್ಷ ಗೌರಿಹಬ್ಬದ ಹೊತ್ತಿಗೆ ಕೆರೆ ತುಂಬಿತು. ಹಂಗಾಮಿನ ಮೊದಲ ಬೆಳಿಗ್ಗೆ ನಾನೂ ಏರಿಯ ಮೇಲಿದ್ದೆ. ಬೆಸ್ತರ ಯಜಮಾನರು ಕಂಬಳಿ ಹೊದ್ದು ಸಾಲಾಗಿ ಕೂತಿದ್ದರು. ಹರಿಗೋಲುಗಳು ಒಂದೊಂದಾಗಿ ಇಳಿದವು. ಜವರಯ್ಯ ಹಗ್ಗ ಎಳೆದ. ಎಂಜಿನ್ನಿನ ಸದ್ದಿಗೆ ಜೊಂಡಿನಿಂದ ಹಕ್ಕಿಗಳೆಲ್ಲ ಎದ್ದುಹೋದವು. ಅವನು ನಿಧಾನವಾಗಿ ನಡೆಸುತ್ತ ಹೋದಂತೆ ಲಕ್ಕಮ್ಮ ದೋಣಿಯ ಮುಂಭಾಗದಲ್ಲಿ ಕೂತು, ನೀರಿನಲ್ಲಿ ಗೋಡೆಯಂತೆ ನಿಲ್ಲುವ ಉದ್ದನೆಯ ಬಲೆಯನ್ನು ಕೈಯಿಂದ ಕೈಗೆ ಬಿಡುತ್ತ ಬಂದಳು. ಬಿಸಿಲೇರುವಷ್ಟರಲ್ಲಿ ದೋಣಿಯ ತಳದಲ್ಲಿ ಗೆಂಡೆಮೀನುಗಳು ಹೊಳೆಯುತ್ತಿದ್ದವು. ಯಜಮಾನರಲ್ಲಿ ಹಿರಿಯರು ಜವರಯ್ಯನ ಹೆಸರು ಹೇಳಿ, ಇವನೂ ನೀರಿಗಿಳಿದ ಎಂದರು. ಅಷ್ಟೇ ಮಾತು. ಕಾಳಯ್ಯ ತನ್ನ ಹರಿಗೋಲಿನಿಂದ ತಮ್ಮನನ್ನು ನೋಡಿ ನಕ್ಕ. ತಮ್ಮನಿಗೆ ಪಾಲು ಕಾಯಂ ಆದರೆ ನಷ್ಟ ಅವನಿಗೇ ಆಗುತ್ತಿತ್ತು.

ದೊರೆ ಕೊಟ್ಟ ಪೆಟ್ರೋಲು ದಸರೆ ದಾಟಲಿಲ್ಲ. ಅದು ಮೊದಲೇ ಗೊತ್ತಿದ್ದು, ಕೂಪನ್ನಿಗಾಗಿ ನಾವು ಆಷಾಢದಲ್ಲೇ ಅರ್ಜಿ ಹಾಕಿದ್ದೆವು. ಆಗಿನ ಅಮಲ್ದಾರರು ಒಳ್ಳೆಯವರು. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಮಾತಾಡಿದರು. ಬಸ್ಸಿಗೆ, ಲಾರಿಗೆ, ಡಾಕ್ಟರ ಕಾರಿಗೆ, ನೀರೆತ್ತುವ ಪಂಪಿಗೆ ಕೊಡಲು ದಾರಿಯಿದೆ, ಮೀನು ಹಿಡಿಯಲು ಇಲ್ಲ ಎಂದರು. "ಆದರೂ ಮೇಲಕ್ಕೆ ಬರೀತೀನಿ. ಆಸೆ ಮಾತ್ರ ಇಟ್ಕೋಬೇಡಿ." ಅವರು ಬರೆದರು, ಮೇಲಿನಿಂದ ಇಲ್ಲವೆಂದು ಬಂತು. ಸೈನ್ಯದಲ್ಲಿ ತೋಳು ಕಳೆದುಕೊಂಡವನೆಂದು ಮತ್ತೆ ಬರೆದರು. ಅದಕ್ಕೆ ಉತ್ತರವೇ ಬರಲಿಲ್ಲ. ಜಗಳ ಆಡೋಣವೆಂದರೆ ಎದುರಿಗೆ ಕೆಟ್ಟವನೊಬ್ಬನೂ ಇರಲಿಲ್ಲ.

ನನ್ನ ಶೆಡ್ಡಿನ ಪೆಟ್ರೋಲನ್ನು ಜವರಯ್ಯ ಒಂದು ದಿನವೂ ಕೇಳಲಿಲ್ಲ. ಆ ಕೋಣೆಯ ಬಾಗಿಲ ಕಡೆ ತಿರುಗಿ ಸಹ ಕೂರುತ್ತಿರಲಿಲ್ಲ. ಅವನು ಕೇಳಿದ್ದು ಬೇರೆ.

"ಸೀಮೆಎಣ್ಣೇಲಿ ಓಡ್ಸಾಕಾಯ್ತದಾ ಸಾ?"

"ಓಡುತ್ತೆ. ಆದ್ರೆ ಎಂಜಿನ್ನು ಸಾಯುತ್ತೆ."

"ಎಷ್ಟು ದಿನಕ್ಕೆ?"

"ಅದು ಹೇಳಕ್ಕಾಗಲ್ಲ ಜವರಯ್ಯ."

ಸೀಮೆಎಣ್ಣೆ ಪೆಟ್ರೋಲಿನಷ್ಟು ಚೆನ್ನಾಗಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಪಿಸ್ಟನ್ನಿನ ಪಕ್ಕದಿಂದ ಕೆಳಗಿಳಿದು ಬೇರಿಂಗುಗಳ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಈ ಜಾತಿಯ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ, ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಅದರ ಜೀವ. ಇದನ್ನೆಲ್ಲ ನಾನು ವಿವರಿಸಿದೆ. ಅವನಿಗೆ ಗೊತ್ತಿತ್ತು. ಬರ್ಮಾದಲ್ಲಿ ಪೆಟ್ರೋಲು ಬಾರದಿದ್ದಾಗ ಅವರೂ ಹಾಗೆ ಓಡಿಸಿ ಎಂಜಿನ್ನುಗಳನ್ನು ಹೊಳೆಗೆ ಎಸೆದಿದ್ದರಂತೆ.

"ದಡದಲ್ಲಿ ಮಡಗಿದ್ರೂ ಸತ್ತಂಗೇ ಅಲ್ವಾ ಸಾ," ಎಂದ. "ಸಿವರಾತ್ರೀಗಂಟ ಓಡುದ್ರೆ ಸಾಕು. ಆಮ್ಯಾಕೆ ಪಾಲು ನಂದೇ. ಕೂಲಿ ಆಳು ಮಡೀಕಂಡಾದ್ರೂ ಉಟ್ಟು ಆಕಸ್ತೀನಿ."

ಅದು ನಿಜ. ಕಾಯಂ ಆದ ಮೇಲೆ ಆಳಿನಿಂದ ಹುಟ್ಟು ಹಾಕಿಸಲು ಅಡ್ಡಿಯಿರಲಿಲ್ಲ, ಮೊದಲ ಹಂಗಾಮನ್ನು ಮಾತ್ರ ಅವನೇ ನಡೆಸಬೇಕಿತ್ತು. ಒಪ್ಪಿಕೊಂಡೆ. ಇಂಧನ ಬಿಸಿಯಾಗಿ ಹೋಗುವಂತೆ ಕೊಳವೆಯನ್ನು ಹೊಗೆಯ ಪೈಪಿಗೆ ಸುತ್ತಿದೆ. ಎಣ್ಣೆಯ ಪ್ರಮಾಣ ಹೆಚ್ಚಿಸಿದೆ. ಶುರು ಮಾಡಲು ಬೇಕಾದ ಔಷಧದ ಶೀಶೆಯಷ್ಟು ಪೆಟ್ರೋಲನ್ನು ಚನ್ನರಾಯಪಟ್ಟಣದ ಡಾಕ್ಟರು ತಮ್ಮ ಪಾಲಿನಿಂದ ವಾರವಾರವೂ ಕೊಡಲು ಒಪ್ಪಿದರು. ಒಂದು ಒಳ್ಳೆಯ ಎಂಜಿನ್ನನ್ನು ಕೊಲ್ಲುವ ಏರ್ಪಾಡನ್ನು ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ್ದು ಅದೊಂದೇ ಸಲ.

ಸೀಮೆಎಣ್ಣೆಯೂ ರೇಷನ್ನಿನದೇ. ಲಕ್ಕಮ್ಮ ಮನೆಯಲ್ಲಿ ದೀಪ ಹಚ್ಚುವುದನ್ನು ಬಿಟ್ಟಳು. ಅದೂ ಸಾಲದಾಯಿತು. ರಜೆಯ ದಿನ ನಾನು ಊರಿಗೆ ಹೋಗಿದ್ದಾಗ ಕಾಳಯ್ಯ ನಮ್ಮ ಅಂಗಡಿಯ ಮುಂದೆ ನಿಂತಿದ್ದ. ಚೀಲದಿಂದ ಒಂದು ಬುದ್ದಲಿ ಸೀಮೆಎಣ್ಣೆ ತೆಗೆದು ನನ್ನ ಮುಂದಿಟ್ಟ. "ನಮ್ಗೆ ಒಲೆ ಬೆಳಕೇ ಸಾಕು ಸ್ವಾಮಿ. ನೀವು ತಂದಂಗೆ ಕೊಡಿ. ನಾ ಕೊಟ್ಟೆ ಅನ್ಬ್ಯಾಡಿ, ಮುಟ್ಟಾಕಿಲ್ಲ ಅವ್ನು." ಆಮೇಲೆ ಪ್ರತಿ ವಾರವೂ ತಂದಿಟ್ಟು ಹೋಗುತ್ತಿದ್ದ. ತನ್ನ ಪಾಲನ್ನು ತನ್ನಿಂದ ಬಿಡಿಸಿಕೊಳ್ಳುವ ಎಂಜಿನ್ನಿಗೆ ತನ್ನ ಮನೆಯ ದೀಪದ ಎಣ್ಣೆ ತರುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಎಂಜಿನ್ನು ಕಪ್ಪು ಹೊಗೆ ಕಾರುತ್ತ ಕಾರ್ತಿಕ ಮಾಸ ಕಳೆಯಿತು. ಪ್ಲಗ್ಗುಗಳನ್ನು ದಿನವೂ ಉಜ್ಜಬೇಕು. ಲಕ್ಕಮ್ಮ ಮರಳಿನಲ್ಲಿ ಪಾತ್ರೆ ಬೆಳಗುವಂತೆ ಅವನ್ನು ಬೆಳಗಲು ಕಲಿತಿದ್ದಳು. ಧನುರ್ಮಾಸದ ಒಂದು ಬೆಳಿಗ್ಗೆ ಎಂಜಿನ್ನಿನೊಳಗೆ ಬಡಿತ ಶುರುವಾಯಿತು. ಮಾರನೆಯ ದಿನ ನಿಂತಿತು. ಕಾಳಯ್ಯ ತನ್ನ ಹರಿಗೋಲಿಗೆ ದೋಣಿಯನ್ನು ಕಟ್ಟಿಕೊಂಡು ದಡಕ್ಕೆ ತಂದನಂತೆ.

ಸುದ್ದಿ ಮುಟ್ಟಿ ನಾನು ಹೋಗಿ ಬಿಚ್ಚಿ ನೋಡಿದರೆ, ಪಿಸ್ಟನ್ನಿನಿಂದ ಕೆಳಗಿಳಿಯುವ ರಾಡಿನ ಬೇರಿಂಗು ಸವೆದು ಅರೆದುಹೋಗಿತ್ತು. ಬೆಂಗಳೂರಿಗೆ, ಮದರಾಸಿಗೆ, ಬೊಂಬಾಯಿಗೆ ಬರೆದೆ. ಯುದ್ಧಕ್ಕೆ ಮುಂಚಿನ ಮಾದರಿ, ಬಿಡಿಭಾಗ ಬರುವುದಿಲ್ಲ ಎಂದರು. ಹಾಸನದ ನಮ್ಮ ಲೇತಿನಲ್ಲಿ, ಬೇರಿಂಗಿನ ಜಾಗಕ್ಕೆ ಬಳೆಯಂಥ ಒಂದು ಕಂಚಿನ ಬುಷ್ ಕಡೆದೆ. ಸಂಕ್ರಾಂತಿಯ ಮುನ್ನಾದಿನ ಅದನ್ನು ಕೂರಿಸಿದಾಗ ಎಂಜಿನ್ನು ಹತ್ತಿತು. ದೋಣಿ ಕೆರೆಯ ಮಧ್ಯದವರೆಗೆ ಹೋಗಿ ಬಂತು. ಜವರಯ್ಯ ದಡಕ್ಕಿಳಿದು, "ಬದುಕ್ತು ಸಾ," ಎಂದ. ಒಳಗೆ ಇನ್ನೂ ಬಡಿತವಿತ್ತು, ಆ ಸದ್ದು ನನಗೆ ಗೊತ್ತಿತ್ತು. ಮತ್ತೊಮ್ಮೆ ಹೊರಟಾಗ ದಡದಿಂದ ಸ್ವಲ್ಪ ದೂರದಲ್ಲೇ ಕಿರುಗುಟ್ಟಿ ಹಿಡಿದುಕೊಂಡಿತು. ಬಿಚ್ಚಿದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟೇ ಸುಟ್ಟು ನೀಲಿಯಾಗಿತ್ತು. ಅದರ ಮೇಲೆ ಮಾಡುವುದಕ್ಕೇನೂ ಉಳಿದಿರಲಿಲ್ಲ.

ಶಿವರಾತ್ರಿಗೆ ಇನ್ನೂ ತಿಂಗಳಿತ್ತು. ನಾನು ಆ ಭಾಗಗಳನ್ನು ಗೋಣಿತಾಟಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಒರೆಸುತ್ತ ಕೂತೆ. ಒರೆಸಿ ಆಗುವುದೇನೂ ಇರಲಿಲ್ಲ. ಜವರಯ್ಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಕೊನೆಗೆ, "ಇನ್ನು ಆಗಲ್ಲ ಜವರಯ್ಯ," ಎಂದೆ. ಅವನು ತಲೆಯಾಡಿಸಿದ. ಎಂಜಿನ್ನನ್ನು ಬೈಯಲಿಲ್ಲ, ಸರ್ಕಾರವನ್ನು ಬೈಯಲಿಲ್ಲ. ಎದ್ದು ನೀರಿನ ಅಂಚಿಗೆ ಹೋಗಿ ಕೈಗೆ ಹತ್ತಿದ್ದ ಮಡ್ಡಿಯನ್ನು ಮರಳಿಗೆ ಉಜ್ಜತೊಡಗಿದ. ಅದು ಹೋಗಲಿಲ್ಲ. ಒಂದೇ ಕೈ ಇರುವವನು ಆ ಕೈಯನ್ನು ತಾನೇ ತೊಳೆದುಕೊಳ್ಳಲಾರ ಎಂಬುದು ಅಷ್ಟು ತಿಂಗಳ ಒಡನಾಟದಲ್ಲಿ ನನಗೆ ಹೊಳೆದಿರಲಿಲ್ಲ. ದಿನವೂ ಲಕ್ಕಮ್ಮ ತೊಳೆಯುತ್ತಿದ್ದಳೇನೋ, ಆ ದಿನ ಅವಳು ಸಂತೆಗೆ ಹೋಗಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು, ಸೋಪು ಹಚ್ಚಿ, ಬೆರಳು ಬೆರಳಿನ ಸಂದನ್ನೂ ಉಜ್ಜಿ ತೊಳೆದೆ.

ಪಾಲಿನ ತೀರ್ಮಾನಕ್ಕೆ ಯಜಮಾನರು ಸೇರಿದ ದಿನ ನಾನೂ ಹೋಗಿದ್ದೆ. ಬೇರೆ ಜಾತಿಯವನು, ಬೇರೆ ಊರಿನವನು, ಬಾಯಿ ತೆರೆಯುವ ಹಕ್ಕು ನನಗಿರಲಿಲ್ಲ. ಮಾತಾಡಿದವಳು ಲಕ್ಕಮ್ಮ. "ದೋಣಿ ನಮ್ದು. ಗಂಡ ದೋಣೀಲೆ ಇರ್ತಾನೆ. ಉಟ್ಟು ನಾ ಆಕ್ತೀನಿ. ಇನ್ನೇನು ಕಮ್ಮಿ ಆಯ್ತು?" ಎಂದಳು. ಹಿರಿಯರು, ಹೆಂಗಸಿನ ದುಡಿಮೆಯ ಮೇಲೆ ಪಾಲು ಕಟ್ಟಿದ ರೂಢಿಯಿಲ್ಲ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಕಾಳಯ್ಯ ಎದ್ದು, ತನ್ನ ಹರಿಗೋಲನ್ನು ಬದಿಗಿಟ್ಟು ತಾನೇ ತಮ್ಮನ ದೋಣಿಗೆ ಹುಟ್ಟು ಹಾಕುವುದಾಗಿ ಹೇಳಿದ. ಒಪ್ಪಿದರು. ತಮ್ಮನ ಪಾಲು ಮಾತ್ರ ಕಾಳಯ್ಯನ ಹೆಸರಿನಲ್ಲೇ ಉಳಿಯಿತು.

ಅಣ್ಣತಮ್ಮಂದಿರು ಹಲವು ವರ್ಷ ಆ ದೋಣಿಯಲ್ಲಿ ದುಡಿದರು. ದೋಣಿ ನಿಜಕ್ಕೂ ಒಳ್ಳೆಯದಿತ್ತು. ಮುಂದೆ ಪೆಟ್ರೋಲಿನ ರೇಷನ್ ಹೋಯಿತು, ಚನ್ನರಾಯಪಟ್ಟಣದಲ್ಲೇ ಕೇಳಿದವರಿಗೆ ಕೇಳಿದಷ್ಟು ಸಿಗುವಂತಾಯಿತು. ಆ ಹೊತ್ತಿಗೆ ಎಂಜಿನ್ನನ್ನು ಗುಜರಿಗೆ ಹಾಕಿಯಾಗಿತ್ತು. ಜವರಯ್ಯ ಸಂತೆಯಲ್ಲಿ ಸಿಕ್ಕಾಗಲೆಲ್ಲ ನಿಂತು ಮಾತಾಡಿಸುತ್ತಿದ್ದ, ಬಸ್ಸುಗಳ ಬಗ್ಗೆ ಕೇಳುತ್ತಿದ್ದ. ಎಂಜಿನ್ನಿನ ಮಾತು ಅವನಾಗಿ ಎತ್ತಲಿಲ್ಲ.

ಮೂವತ್ತು ವರ್ಷಕ್ಕೂ ಮೀರಿ ನಾನು ಈ ಕೆಲಸ ಮಾಡಿದೆ. ಹಳೆಯ ಯಂತ್ರ ಕೊಳ್ಳುವವರಿಗೆ ಏನೇನು ನೋಡಬೇಕೆಂದು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅವೆಲ್ಲ ಕಲಿಸಬಹುದಾದ ವಿಷಯಗಳು, ಅವನ್ನು ನಾನು ಅರಕಲಗೂಡಿನ ಆ ಬ್ಯಾರನ್ನಿನಲ್ಲಿ ಸರಿಯಾಗಿಯೇ ನೋಡಿದ್ದೆ. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಸರಿಯಾದದ್ದನ್ನು ಆರಿಸಿ, ಸರಿಯಾಗಿ ನಡೆಸಿ, ಎಲ್ಲರೂ ಒಳ್ಳೆಯವರಾಗಿದ್ದೂ ಕೆಲಸ ಕೆಡಬಹುದು ಎಂಬುದನ್ನು ಮಾತ್ರ ನನಗೆ ಯಾವ ಗುರುವೂ ಹೇಳಿರಲಿಲ್ಲ. ಆಮೇಲೆ ಯಾರ ಯಂತ್ರವನ್ನಾದರೂ ಇನ್ನು ಆಗುವುದಿಲ್ಲ ಎನ್ನಬೇಕಾಗಿ ಬಂದಾಗ, ಆ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸಲಿಲ್ಲ. ನಾನೇ ಹೋಗಿ ಹೇಳಿದೆ. ಹೇಳಿದ ಮೇಲೆ ಟೂಲ್ ಬಾಕ್ಸ್ ಮುಚ್ಚಿ ಎದ್ದುಬರಲಿಲ್ಲ, ಆ ಮನುಷ್ಯ ತಾನಾಗಿ ಏಳುವವರೆಗೆ ಅವನ ಜೊತೆ ಕೂತಿರುತ್ತಿದ್ದೆ.